ಒಂದು ಮಾತ್ರೆಯ ಹಿಂದಿನ ಎಪ್ಪತ್ತು ವರ್ಷ

ಕಳೆದ ಶ್ರಾವಣದ ಒಂದು ರಾತ್ರಿ, ಹನ್ನೊಂದು ದಾಟಿದ ಮೇಲೆ, ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ರೂಮಿನಲ್ಲಿ ಗೆಳತಿ ಮಲಗಿದ್ದಳಾದ್ದರಿಂದ ಹಾಸ್ಟೆಲಿನ ಮೆಟ್ಟಿಲ ಮೇಲೆ ಬಂದು ಕೂತೆ.

"ಅಕ್ಕಾ, ನೀನು ಡಾಕ್ಟರ್ ಆಗ್ತಿದ್ದೀಯಲ್ಲ, ಒಂದು ಕೇಳ್ತೀನಿ. ಅಮ್ಮಂಗೆ ಹೇಳ್ಬೇಡ."

ನಾನು ಆಗುತ್ತಿರುವುದು ಇತಿಹಾಸದ ಡಾಕ್ಟರ್ ಎಂದು ಮನೆಯವರಿಗೆ ವಿವರಿಸುವುದನ್ನು ಬಿಟ್ಟು ಮೂರು ವರ್ಷವಾಗಿದೆ. ಸುಮ್ಮನೆ ಕೇಳಿಸಿಕೊಂಡೆ. ಅವಳಿಗೆ ತುರಿಕೆ ಇತ್ತು, ಬಿಳಿ ಹೋಗುತ್ತಿತ್ತು. ಆಸ್ಪತ್ರೆಗೆ ಹೋಗಿ ಯಾರೆದುರಿಗೋ ಹೇಳಿಕೊಳ್ಳಲು ನಾಚಿಕೆಯಾಗಿ ಮನೆ ಹತ್ತಿರದ ಮೆಡಿಕಲ್ ಅಂಗಡಿಯಲ್ಲಿ ಕೇಳಿದಳು. ಅಂಗಡಿಯ ಹುಡುಗ ತಲೆ ಎತ್ತದೆ ಒಂದೇ ಒಂದು ಮಾತ್ರೆ ಕೊಟ್ಟ. ನುಂಗಿದಳು, ಗುಣವಾಯಿತು, ಮರೆತಳು. ಹತ್ತು ದಿನಕ್ಕೆ ಬರಬೇಕಿದ್ದ ಮುಟ್ಟು ಬರಲಿಲ್ಲ. ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಬಂದವು. ಮದುವೆಯಾಗಿ ನಾಲ್ಕು ವರ್ಷವಾಗಿದ್ದ ಅವಳಿಗೆ ಕುಣಿದಾಡಬೇಕಾದ ದಿನ ಅದು. ಆದರೆ ಪರ್ಸಿನ ಮೂಲೆಯಲ್ಲಿ ಉಳಿದಿದ್ದ ಮಾತ್ರೆಯ ಹಾಳೆ ಕೈಗೆ ಸಿಕ್ಕಿತು: ಫ್ಲುಕೋನಜೋಲ್, 150 ಮಿಲಿಗ್ರಾಂ. ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ್ದೇ ತಪ್ಪಾಯಿತು. ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ಇನ್ನೂ ಆರಂಭ ತಾನೆ, ತೆಗೆಸಿಬಿಡೋದು ವಾಸಿ" ಎಂದಿದ್ದರು.

ನಾಳೆ ಬೆಳಿಗ್ಗೆಯೇ ಹೆರಿಗೆ ಡಾಕ್ಟರ ಹತ್ತಿರ ಹೋಗು, ಆ ಹಾಳೆಯನ್ನೂ ತೆಗೆದುಕೊಂಡು ಹೋಗು, ಅಲ್ಲಿಯವರೆಗೆ ಯಾರ ಮಾತೂ ಕೇಳಬೇಡ ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಯೋಗ್ಯತೆ ನನಗಿರಲಿಲ್ಲ. ನನ್ನ ಸಂಶೋಧನೆ ಹಳೆ ಮೈಸೂರಿನ ಸೂಲಗಿತ್ತಿಯರ ತರಬೇತಿಯ ಬಗ್ಗೆ. ಅದಕ್ಕೂ ಈ ಮಾತ್ರೆಗೂ ಸಂಬಂಧವಿಲ್ಲ. ಆದರೂ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಬಸುರಿಯರ ಮೇಲೆ ಪ್ರಯೋಗ ಮಾಡಿ ಯಾರೂ ಔಷಧ ಪರೀಕ್ಷಿಸುವುದಿಲ್ಲ, ಪರೀಕ್ಷಿಸಲೂಬಾರದು ಎನ್ನುತ್ತಾರೆ. ಹಾಗಿದ್ದರೆ ಡಾಕ್ಟರು "ಈ ಮಾತ್ರೆ ಬೇಡ, ಈ ಮುಲಾಮು ಪರವಾಗಿಲ್ಲ" ಎಂದು ಹೇಳುವಾಗ ಆ ತಿಳಿವಳಿಕೆ ಎಲ್ಲಿಂದ ಬಂದದ್ದು? ಯಾರ ಮೈಯಿಂದ ಬಂದದ್ದು?

ಈ ಕಾಯಿಲೆಯ ಹಿಂದಿರುವುದು ಕ್ಯಾಂಡಿಡಾ ಎಂಬ ಬೂಷ್ಟು. ಆರೋಗ್ಯವಂತರ ಬಾಯಿಯಲ್ಲಿ, ಕರುಳಿನಲ್ಲಿ, ಯೋನಿಯಲ್ಲಿ ಇದು ಸದ್ದಿಲ್ಲದೆ ಇದ್ದೇ ಇರುತ್ತದೆ. ಬಸಿರಿನಲ್ಲಿ ಈಸ್ಟ್ರೋಜೆನ್ ಏರಿ, ಯೋನಿಯ ಒಳಪದರದಲ್ಲಿ ಸಕ್ಕರೆಯ ಅಂಶ ಕೂಡಿ, ಬೂಷ್ಟಿಗೆ ಹಬ್ಬವಾಗುತ್ತದೆ. ಹಾಗಾಗಿ ಔಷಧ ಹೆಚ್ಚು ಬೇಕಾಗುವ ಕಾಲವೂ ಅದೇ, ಔಷಧಕ್ಕೆ ಹೆಚ್ಚು ಹೆದರಬೇಕಾದ ಕಾಲವೂ ಅದೇ. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಇದಕ್ಕೆ ಮುಖ್ಯ ಮದ್ದಾಗಿದ್ದದ್ದು ಜೆನ್ಶಿಯನ್ ವೈಲೆಟ್ ಎಂಬ ನೇರಳೆ ಬಣ್ಣದ ದ್ರಾವಣ. ಹಚ್ಚಿದರೆ ಕೆಲಸ ಮಾಡುತ್ತಿತ್ತು, ಉಟ್ಟ ಬಟ್ಟೆ ಮಾತ್ರ ಹಾಳು.

ಅದನ್ನು ಬದಲಿಸಿದವರು ಇಬ್ಬರು ಹೆಂಗಸರು. ಎಲಿಜಬೆತ್ ಲೀ ಹೇಜನ್ ಮತ್ತು ರೇಚಲ್ ಫುಲ್ಲರ್ ಬ್ರೌನ್. ಇಬ್ಬರೂ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ನೌಕರರು. ಅಂದರೆ ಸರ್ಕಾರಿ ಪ್ರಯೋಗಾಲಯದವರು, ಕಂಪನಿಯವರಲ್ಲ. ಹೇಜನ್ 1885ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ನಲವತ್ತು ದಾಟಿದ ಮೇಲೆ ಡಾಕ್ಟರೇಟ್ ಪಡೆದವರು. (ಇದನ್ನು ಓದಿದಾಗ ನನಗೆ ತುಸು ಸಮಾಧಾನವಾಯಿತು.) ಅವರು ನ್ಯೂಯಾರ್ಕ್ ನಗರದಲ್ಲಿ ಸೂಕ್ಷ್ಮಾಣುಜೀವಿಗಳ ಕೆಲಸ ಮಾಡುತ್ತಿದ್ದರು, ರಸಾಯನ ವಿಜ್ಞಾನಿ ಬ್ರೌನ್ ಇದ್ದದ್ದು ಆಲ್ಬನಿಯಲ್ಲಿ. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್‌ಗಳಿಂದ ಬ್ಯಾಕ್ಟೀರಿಯಾ ಸಾಯುತ್ತಿದ್ದವು, ಬೂಷ್ಟು ಸಾಯುತ್ತಿರಲಿಲ್ಲ. ಬ್ಯಾಕ್ಟೀರಿಯಾ ಸತ್ತ ಖಾಲಿ ಜಾಗದಲ್ಲಿ ಬೂಷ್ಟು ಇನ್ನಷ್ಟು ಬೆಳೆಯುತ್ತಿತ್ತು. ಅದನ್ನು ಕೊಲ್ಲುವ ವಸ್ತು ಮಣ್ಣಿನಲ್ಲೇ ಎಲ್ಲೋ ಇರಬೇಕೆಂದು 1948ರಲ್ಲಿ ಇಬ್ಬರೂ ಹುಡುಕಾಟ ಶುರುಮಾಡಿದರು.

ಅವರ ಪ್ರಯೋಗಾಲಯದ ಮುಖ್ಯ ಉಪಕರಣ ಅಂಚೆ ಇಲಾಖೆ ಎಂದರೆ ತಪ್ಪಾಗಲಾರದು. ಹೇಜನ್ ಮಣ್ಣಿನಿಂದ ಜೀವಿಗಳನ್ನು ಬೆಳೆಸಿ, ಅವು ಬೂಷ್ಟನ್ನು ತಡೆಯುತ್ತವೆಯೇ ಎಂದು ನೋಡುವರು. ತಡೆದರೆ, ಉಪ್ಪಿನಕಾಯಿ ಹಾಕಿಡುವಂಥ ಗಾಜಿನ ಜಾಡಿಯಲ್ಲಿ ಅದನ್ನು ತುಂಬಿ ಆಲ್ಬನಿಗೆ ಅಂಚೆಯಲ್ಲಿ ಕಳಿಸುವರು. ಬ್ರೌನ್ ಅದರಲ್ಲಿನ ಸಾರವನ್ನು ಬೇರ್ಪಡಿಸಿ ಮತ್ತೆ ಜಾಡಿಯಲ್ಲೇ ವಾಪಸು ಕಳಿಸುವರು. ಹೇಜನ್ ಅದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸುವರು. ಬೂಷ್ಟನ್ನು ಕೊಂದ ಸಾರಗಳಲ್ಲಿ ಹೆಚ್ಚಿನವು ಪ್ರಾಣಿಯನ್ನೂ ಕೊಲ್ಲುತ್ತಿದ್ದವು. ಕೊನೆಗೆ ಕೈಹಿಡಿದದ್ದು ವರ್ಜೀನಿಯಾದಲ್ಲಿ ಹೇಜನ್‌ರ ಸ್ನೇಹಿತ ನೂರ್ಸ್ ಕುಟುಂಬದ ಹೊಲದಿಂದ ತಂದ ಮಣ್ಣು. ಅದರಲ್ಲಿದ್ದ ಜೀವಿಗೆ ಆ ಕುಟುಂಬದ ಹೆಸರು ಸೇರಿ ಸ್ಟ್ರೆಪ್ಟೊಮೈಸಿಸ್ ನೂರ್ಸಿಯೈ ಎಂದಾಯಿತು. ಔಷಧಕ್ಕೆ ನ್ಯೂಯಾರ್ಕ್ ರಾಜ್ಯದ ಹೆಸರನ್ನೇ ಹಿಂಡಿ ನಿಸ್ಟಾಟಿನ್ ಎಂದು ಕರೆದರು. 1950ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಪೇಟೆಂಟಿನಿಂದ ಬಂದ 1.3 ಕೋಟಿ ಡಾಲರಿಗೂ ಮಿಕ್ಕ ಹಣದಲ್ಲಿ ಇಬ್ಬರೂ ಒಂದು ಕಾಸು ಇಟ್ಟುಕೊಳ್ಳದೆ ವಿಜ್ಞಾನದ ಸಂಶೋಧನೆಗೆ ಬಿಟ್ಟುಕೊಟ್ಟರು.

ನಿಸ್ಟಾಟಿನ್‌ಗೆ ಒಂದು ದೊಡ್ಡ ಕೊರತೆ ಇತ್ತು. ಅದರ ಅಣು ದೊಡ್ಡದು. ನುಂಗಿದರೆ ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲವೆನ್ನಬಹುದು. ಚರ್ಮದ ಮೂಲಕವೂ ಅಷ್ಟೆ. ಶ್ವಾಸಕೋಶ ಅಥವಾ ಮಿದುಳಿಗೆ ಬೂಷ್ಟು ಹಬ್ಬಿದವರಿಗೆ ಅದು ನಿರುಪಯೋಗಿ. ಆದರೆ ಬಸುರಿಯ ಮಟ್ಟಿಗೆ ಆ ಕೊರತೆಯೇ ವರ. ಹಚ್ಚಿದ ಜಾಗದಲ್ಲಿ ಕೆಲಸ ಮಾಡಿ ಅಲ್ಲೇ ಉಳಿಯುವ ಮದ್ದು ಮಗುವಿನ ತನಕ ಹೋಗುವುದಾದರೂ ಹೇಗೆ? ಹೇಜನ್ ಮತ್ತು ಬ್ರೌನ್ ಇದನ್ನು ಗುರಿಯಾಗಿಟ್ಟುಕೊಂಡು ಹುಡುಕಿದವರಲ್ಲ. ಮುಂದಿನ ನಲವತ್ತು ವರ್ಷ ಔಷಧ ಕಂಪನಿಗಳು ಪಟ್ಟ ಪಾಡೆಲ್ಲ ಇದರ ಉಲ್ಟಾ ದಿಕ್ಕಿನದು: ಒಳಗೆ ಇಳಿಯಬೇಕು, ಎಲ್ಲ ಕಡೆ ತಲುಪಬೇಕು, ಬಹಳ ಹೊತ್ತು ಉಳಿಯಬೇಕು.

ಹಾಗೆ ಒಳಗಿಳಿದ ಮೊದಲನೆಯದು ಗ್ರಿಸಿಯೋಫುಲ್ವಿನ್. 1939ರಲ್ಲೇ ಸಿಕ್ಕಿದ್ದರೂ ಅದರ ಬೆಲೆ ತಿಳಿದದ್ದು 1958ರಲ್ಲಿ. ಬಾಯಿಯಿಂದ ಕೊಟ್ಟರೆ ಗಿನಿಯಿಲಿಗಳ ಹುಳುಕಡ್ಡಿ ವಾಸಿಯಾಗುತ್ತದೆಂದು ಆಗ ಗೊತ್ತಾಯಿತು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಥಾಲಿಡೋಮೈಡ್ ಎಂಬ ನಿದ್ದೆಮಾತ್ರೆ ಚೀಟಿಯಿಲ್ಲದೆ ಮಾರಾಟವಾಗುತ್ತಿತ್ತು. ಬಸುರಿಯರ ವಾಂತಿಗೂ ಕೊಡುತ್ತಿದ್ದರು. 1961ರ ಕೊನೆಗೆ ಅದನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ ಕೈಕಾಲು ಸರಿಯಾಗಿ ಬೆಳೆಯದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು. ಆ ಕಥೆ ಎಲ್ಲರಿಗೂ ಗೊತ್ತಿರುವುದೇ. ಅದರ ನಂತರ ಏನಾಯಿತು ಎಂಬುದು ಅಷ್ಟು ಚರ್ಚೆಯಾಗಿಲ್ಲ. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಬಸುರಿಯಾಗುವ ಸಾಧ್ಯತೆಯಿರುವ ಹೆಂಗಸರನ್ನೇ ಔಷಧಗಳ ಆರಂಭಿಕ ಪರೀಕ್ಷೆಗಳಿಂದ ಹೊರಗಿಡಬೇಕು ಎಂದಿತು. ಈ ನಿಲುವು ಸಡಿಲವಾದದ್ದು 1993ರಲ್ಲಿ. ಕಾಪಾಡುವ ಉದ್ದೇಶವೇನೋ ನಿಜ. ಆದರೆ ಪರೀಕ್ಷೆಯಿಂದ ಹೊರಗಿಟ್ಟ ಮಾತ್ರಕ್ಕೆ ಹೆಂಗಸರು ಔಷಧ ನುಂಗುವುದು ನಿಲ್ಲಲಿಲ್ಲ. ನುಂಗಿದ ಮೇಲೆ ಏನಾಯಿತೆಂದು ಬರೆದಿಡುವವರು ಇಲ್ಲವಾದರು, ಅಷ್ಟೆ.

ಬರೆದಿಡದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಗ್ರಿಸಿಯೋಫುಲ್ವಿನ್ನೇ ಸಾಕ್ಷಿ. 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಮೆರಿಕದಿಂದ ಒಂದು ಪತ್ರ ಪ್ರಕಟವಾಯಿತು. ಬಸಿರಿನಲ್ಲಿ ಈ ಮಾತ್ರೆ ತೆಗೆದುಕೊಂಡವರ ಬಗ್ಗೆ ಬಂದ ವರದಿಗಳಲ್ಲಿ ಎರಡು ಜೊತೆ ಸಯಾಮಿ ಅವಳಿಗಳಿದ್ದವು. ಅಷ್ಟು ಅಪರೂಪದ್ದು ಎರಡು ಸಲ! ಎದೆ ಝಲ್ಲೆನ್ನುವಂಥ ಸುದ್ದಿ. ಅದೇ ವರ್ಷ ಅದೇ ಪತ್ರಿಕೆಯಲ್ಲಿ, ದಾಖಲೆಗಳನ್ನು ಹುಡುಕಿ ನೋಡಿದ ಸಂಶೋಧಕರ ಉತ್ತರಗಳೂ ಬಂದವು: ಅಂಥ ನಂಟು ಕಾಣಲಿಲ್ಲ. ಆ ಉತ್ತರಗಳಲ್ಲಿ ಒಂದು ಬಂದದ್ದು ಹಂಗೇರಿಯಿಂದ. (ಇಲಿಗಳಲ್ಲಿ ಆ ಔಷಧ ಭ್ರೂಣಕ್ಕೆ ಕೆಡುಕು ಮಾಡಿದ್ದರಿಂದ ಇಂದಿಗೂ ಬಸುರಿಯರಿಗೆ ಅದನ್ನು ಕೊಡುವುದಿಲ್ಲ, ಅದು ಬೇರೆ ಮಾತು.)

ಹಂಗೇರಿಯಲ್ಲಿ ಇದರ ಹಿಂದೆ ಇದ್ದವರು ಆಂಡ್ರ್ಯೂ ಸೈಜೆಲ್ ಎಂಬ ತಳಿವಿಜ್ಞಾನಿ. ಅವರ ತಂಡ 1980ರಿಂದ 1996ರವರೆಗೆ, ನ್ಯೂನತೆಯೊಂದಿಗೆ ಹುಟ್ಟಿದ 22,843 ಶಿಶುಗಳ ಮತ್ತು ನ್ಯೂನತೆಯಿಲ್ಲದ 38,151 ಶಿಶುಗಳ ತಾಯಂದಿರ ವಿವರ ಕಲೆಹಾಕಿತು. ಪ್ರತಿ ಬಸುರಿಗೂ ಅಲ್ಲಿ ಒಂದು ತಪಾಸಣೆ ಪುಸ್ತಕ ಇರುತ್ತಿತ್ತು. ಕೊಟ್ಟ ಔಷಧವನ್ನೆಲ್ಲ ಡಾಕ್ಟರು ಅದರಲ್ಲಿ ಬರೆಯಬೇಕು. ಹೆರಿಗೆಯ ನಂತರ ತಾಯಂದಿರಿಗೆ ಪ್ರಶ್ನಾವಳಿ ಹೋಗುತ್ತಿತ್ತು. ನೆನಪನ್ನು ಮಾತ್ರ ನಂಬಿದರೆ ಅಪಾಯ, ಏಕೆಂದರೆ ಮಗುವಿಗೆ ತೊಂದರೆಯಾದ ತಾಯಿ ತಾನು ನುಂಗಿದ ಪ್ರತಿಯೊಂದನ್ನೂ ನೆನೆನೆನೆದು ಬರೆಯುತ್ತಾಳೆ, ಆರೋಗ್ಯವಂತ ಮಗುವಿನ ತಾಯಿ ಮರೆತಿರುತ್ತಾಳೆ. ಪುಸ್ತಕದಲ್ಲಿ ಆಗಲೇ ಬರೆದದ್ದು ಹಾಗೆ ಬದಲಾಗುವುದಿಲ್ಲ. 1970ರ ದಶಕದಲ್ಲಿ ಬಾಯರ್ ಕಂಪನಿ ತಂದಿದ್ದ ಕ್ಲೋಟ್ರಿಮಜೋಲ್, ಅಂದರೆ ಇಂದು ನಮ್ಮಲ್ಲೂ ಸಿಗುವ ಮುಲಾಮು ಮತ್ತು ಯೋನಿಯೊಳಗೆ ಇಡುವ ಮಾತ್ರೆ, ನ್ಯೂನತೆಗಳನ್ನು ಹೆಚ್ಚಿಸುವುದಿಲ್ಲವೆಂದು ಈ ದಾಖಲೆಗಳ ಮೇಲೆಯೇ 1999ರಲ್ಲಿ ಸೈಜೆಲ್ ತಂಡ ಹೇಳಿತು. ಡಾಕ್ಟರು "ಈ ಮುಲಾಮು ಪರವಾಗಿಲ್ಲ" ಎಂದು ಧೈರ್ಯವಾಗಿ ಹೇಳುವುದರ ಹಿಂದೆ ಆ ಹಂಗೇರಿಯ ಹೆಂಗಸರ ಪುಸ್ತಕಗಳೂ ಇವೆ.

ಇನ್ನು ತಂಗಿ ನುಂಗಿದ ಮಾತ್ರೆ. ಫ್ಲುಕೋನಜೋಲ್ ರೂಪುಗೊಂಡದ್ದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಸ್ಯಾಂಡ್ವಿಚ್ ಊರಿನಲ್ಲಿ, ಫೈಜರ್ ಕಂಪನಿಯಲ್ಲಿ. ಕೆನ್ ರಿಚರ್ಡ್‌ಸನ್ ನಾಯಕತ್ವದ ತಂಡ ಹುಡುಕಿದ್ದು ನೀರಿನಲ್ಲಿ ಕರಗುವ, ರಕ್ತದಲ್ಲಿ ಸಲೀಸಾಗಿ ಹರಿಯುವ, ಮಿದುಳಿನ ದ್ರವದವರೆಗೂ ತಲುಪುವ ಔಷಧ. ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 30 ಗಂಟೆ ಬೇಕು. ಅದು ಬಂದ ಕಾಲವಾದರೂ ಎಂಥದು? ಏಡ್ಸ್ ರೋಗಿಗಳು ಮಿದುಳಿನ ಪೊರೆಗೆ ಬೂಷ್ಟು ಹತ್ತಿ ಸಾಯುತ್ತಿದ್ದರು. ಅವರಿಗೆ ಇದು ಅಮೃತವೇ ಆಯಿತು. 2000ದಲ್ಲಿ ದಕ್ಷಿಣ ಆಫ್ರಿಕಾದ ಹೋರಾಟಗಾರ ಝಾಕಿ ಅಖ್ಮತ್ ಕಾನೂನು ಮುರಿದು ಥಾಯ್ಲೆಂಡಿನಿಂದ ಅಗ್ಗದ ಫ್ಲುಕೋನಜೋಲ್ ತಂದದ್ದು ಇದೇ ಕಾರಣಕ್ಕೆ. ಈ ಮಾತ್ರೆಯನ್ನು ಖಳನಾಯಕನಾಗಿಸುವ ಲೇಖನ ಬರೆಯಲು ನನಗೆ ಮನಸ್ಸಿಲ್ಲ. ಪ್ರಾಣ ಉಳಿಸಲು ಮಾಡಿದ ಮಾತ್ರೆ ತುರಿಕೆಗೂ ಬಂತು. ಏಳು ದಿನ ಮುಲಾಮು ಹಚ್ಚುವ ಬದಲು ಒಂದೇ ಒಂದು ಮಾತ್ರೆ, 150 ಮಿಲಿಗ್ರಾಂ. ಅಮೆರಿಕದಲ್ಲಿ 1994ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಅದಕ್ಕೂ ಎರಡು ವರ್ಷ ಮೊದಲು, 1992ರಲ್ಲಿ, ಒಂದು ಮಗುವಿನ ವರದಿ ಬಂದಿತ್ತು. ತಾಯಿಗೆ ಮಿದುಳಿನ ಪೊರೆಯಲ್ಲಿ ಬೂಷ್ಟು. ಬಸಿರಿನಲ್ಲೂ ದಿನಾ 400 ಮಿಲಿಗ್ರಾಂ ನುಂಗಲೇಬೇಕಾಗಿತ್ತು. ಮಗುವಿನ ತಲೆಬುರುಡೆ, ಮುಖ, ಕೈಕಾಲಿನ ಮೂಳೆಗಳು ವಿಚಿತ್ರ ರೀತಿಯಲ್ಲಿ ರೂಪುಗೊಂಡಿದ್ದವು. 1996ರಲ್ಲಿ ಇನ್ನೊಂದು ವರದಿ ಇಂಥದೇ ಮೂರು ಶಿಶುಗಳನ್ನು ಕುರಿತಿತ್ತು. ಆಂಟ್ಲಿ-ಬಿಕ್ಸ್‌ಲರ್ ಎಂಬ ಅತ್ಯಂತ ಅಪರೂಪದ ಹುಟ್ಟುರೋಗವನ್ನು ಈ ಲಕ್ಷಣಗಳು ಹೋಲುತ್ತಿದ್ದವು. ಬೂಷ್ಟಿನ ಕೋಶಪೊರೆಗೆ ಬೇಕಾದ ಕೊಬ್ಬನ್ನು ತಯಾರಿಸುವ ಒಂದು ಕಿಣ್ವವನ್ನು ಫ್ಲುಕೋನಜೋಲ್ ಕಟ್ಟಿಹಾಕುತ್ತದೆ. ಅದೇ ಜಾತಿಯ ಕಿಣ್ವ ಮನುಷ್ಯರಲ್ಲೂ ಇದೆ, ಕೊಲೆಸ್ಟರಾಲ್ ತಯಾರಿಸಲು. ಆ ಕಿಣ್ವಕ್ಕೆ ಕೆಲಸ ಮಾಡಲು ನೆರವಾಗುವ ಇನ್ನೊಂದು ಪ್ರೋಟೀನಿನ ದೋಷದಿಂದ ಆಂಟ್ಲಿ-ಬಿಕ್ಸ್‌ಲರ್‌ನ ಒಂದು ಬಗೆ ಬರುತ್ತದೆಂದು 2004ರಲ್ಲಿ ಗೊತ್ತಾದಾಗ, ಎರಡು ದಾರಿಗಳು ಒಂದೆಡೆ ಕೂಡಿದಂತಾಯಿತು. 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು: ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 400ರಿಂದ 800 ಮಿಲಿಗ್ರಾಂ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ಇಂಥ ನ್ಯೂನತೆ ಉಂಟಾಗಬಹುದು. ಒಂದೇ ಒಂದು 150ರ ಮಾತ್ರೆಗೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ ಎಂದೂ ಹೇಳಿತು.

ಆದರೆ ಪ್ರಪಂಚದ ಹೆಂಗಸರು ನುಂಗುತ್ತಿದ್ದದ್ದು ಅದೇ ಒಂದು ಮಾತ್ರೆ. ಅದರ ಲೆಕ್ಕ ಡೆನ್ಮಾರ್ಕಿನಲ್ಲಿ ಸಿಕ್ಕಿತು. 1968ರಿಂದ ಅಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ; ಚೀಟಿಯ ಮೇಲೆ ಕೊಂಡ ಔಷಧ, ಆಸ್ಪತ್ರೆಯ ಭೇಟಿ, ಹೆರಿಗೆ, ಗರ್ಭಪಾತ ಎಲ್ಲವೂ ಆ ಸಂಖ್ಯೆಗೆ ಜೋಡಣೆಯಾಗುತ್ತವೆ. 2013ರ ಅಧ್ಯಯನದಲ್ಲಿ ಮೊದಲ ಮೂರು ತಿಂಗಳಲ್ಲಿ ಫ್ಲುಕೋನಜೋಲ್ ತೆಗೆದುಕೊಂಡ 7,352 ಬಸಿರುಗಳನ್ನು ನೋಡಿದರು. ಒಟ್ಟಾರೆ ನ್ಯೂನತೆ ಹೆಚ್ಚಿರಲಿಲ್ಲ. ಹೃದಯದ ಒಂದು ನಿರ್ದಿಷ್ಟ ದೋಷ ಮಾತ್ರ ಏಳು ಶಿಶುಗಳಲ್ಲಿ ಕಂಡು, ಇತರರಿಗಿಂತ ಸುಮಾರು ಮೂರು ಪಟ್ಟಾಗಿ ತೋರಿತು. 2016ರಲ್ಲಿ ಅದೇ ದೇಶದ ದಾಖಲೆಗಳಲ್ಲಿ, 7ರಿಂದ 22ನೆಯ ವಾರದೊಳಗೆ ಮಾತ್ರೆ ತೆಗೆದುಕೊಂಡ 3,315 ಹೆಂಗಸರಲ್ಲಿ ಗರ್ಭಪಾತದ ಅಪಾಯ ಸುಮಾರು ಒಂದೂವರೆ ಪಟ್ಟು ಎಂದು ಕಂಡಿತು. ಕಾಯಿಲೆಯೇ ಕಾರಣವಿರಬಹುದಲ್ಲ ಎಂದು ಮುಲಾಮು ಹಚ್ಚಿದವರೊಂದಿಗೆ ಹೋಲಿಸಿದರೂ ವ್ಯತ್ಯಾಸ ಉಳಿಯಿತು. 2020ರಲ್ಲಿ ಅಮೆರಿಕದ ಇನ್ನೂ ದೊಡ್ಡ ಅಧ್ಯಯನ, 37,650 ಬಸಿರುಗಳದ್ದು, ಹೃದಯದ ಆ ಬಗೆಯ ದೋಷಗಳಿಗೆ ನಂಟು ಕಾಣಲಿಲ್ಲ. ಆದರೆ ಮೂಳೆ-ಸ್ನಾಯುಗಳ ನ್ಯೂನತೆ ಹತ್ತು ಸಾವಿರಕ್ಕೆ ಸುಮಾರು ಹನ್ನೆರಡು ಹೆಚ್ಚು ಎಂದು ಹೇಳಿತು.

ಹತ್ತು ಸಾವಿರಕ್ಕೆ ಹನ್ನೆರಡು. ಈ ಸಂಖ್ಯೆಯನ್ನು ಹೇಗೆ ಕೈಯಲ್ಲಿ ಹಿಡಿಯುವುದು? ಸರ್ಕಾರದ ದೃಷ್ಟಿಯಿಂದ ಅದು ಚಿಕ್ಕದಲ್ಲ. ಲಕ್ಷಾಂತರ ಮಾತ್ರೆ ಮಾರಾಟವಾಗುವಲ್ಲಿ, ಅಷ್ಟೇ ಕೆಲಸ ಮಾಡುವ ಮುಲಾಮು ಇರುವಾಗ, ಮಾತ್ರೆ ಕೊಡಬಾರದೆನ್ನಲು ಅಷ್ಟು ಸಾಕು. ಬಸುರಿಯರಿಗೆ ಏಳು ದಿನ ಮುಲಾಮೇ ಸರಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾರ್ಗಸೂಚಿ ಹೇಳುವುದು ಇದಕ್ಕೇ. ಆದರೆ ಈಗಾಗಲೇ ನುಂಗಿಬಿಟ್ಟವಳ ದೃಷ್ಟಿಯಿಂದ ಅದೇ ಸಂಖ್ಯೆಗೆ ಇನ್ನೊಂದು ಮುಖವಿದೆ. ಯಾವ ಔಷಧವನ್ನೂ ಮುಟ್ಟದವರಲ್ಲೂ ನೂರಕ್ಕೆ ಎರಡು-ಮೂರು ಶಿಶುಗಳು ದೊಡ್ಡ ನ್ಯೂನತೆಯೊಂದಿಗೆ ಹುಟ್ಟುತ್ತವೆ. ಹತ್ತು ಸಾವಿರಕ್ಕೆ ಇನ್ನೂರು ಮುನ್ನೂರು ಇರುವಲ್ಲಿ ಇನ್ನು ಹನ್ನೆರಡು. ಒಂದು ಬಸಿರನ್ನು ತೆಗೆಸಲು ಅದು ಕಾರಣವಾಗಲಾರದು.

"ಕೊಡಬೇಡಿ" ಎನ್ನುವುದಕ್ಕೂ "ತೆಗೆಸಿ" ಎನ್ನುವುದಕ್ಕೂ ನಡುವಿನ ಈ ದೂರ ನಮ್ಮ ಮಾತಿನಲ್ಲಿ ಕಳೆದುಹೋಗುತ್ತದೆ. ಟೊರಾಂಟೊದಲ್ಲಿ 1989ರಲ್ಲಿ ನಡೆದ ಒಂದು ಅಧ್ಯಯನ ನನ್ನನ್ನು ಬಹಳ ಕಾಡಿತು. ಹಾನಿಯಿಲ್ಲದ ಔಷಧಗಳನ್ನು ತೆಗೆದುಕೊಂಡಿದ್ದ ಬಸುರಿಯರನ್ನು, ಮಗುವಿಗೆ ತೊಂದರೆಯಾಗುವ ಸಾಧ್ಯತೆ ಎಷ್ಟೆಂದು ಅನ್ನಿಸುತ್ತದೆ ಎಂದು ಕೇಳಿದರು. ಸರಾಸರಿ ಉತ್ತರ ನೂರಕ್ಕೆ ಸುಮಾರು 24. ಥಾಲಿಡೋಮೈಡ್ ಬಿಟ್ಟುಹೋದದ್ದು ಹತ್ತು ಸಾವಿರ ಮಕ್ಕಳ ನೋವನ್ನಷ್ಟೇ ಅಲ್ಲ, ಈ 24ನ್ನೂ. ಬೇಕಾಗಿದ್ದ ಎಷ್ಟೋ ಮಕ್ಕಳು ಹುಟ್ಟದೆ ಹೋದದ್ದು ಔಷಧದಿಂದಲ್ಲ, ಭಯದಿಂದ ಇರಬಹುದು ಎನಿಸಿ ಓದು ನಿಲ್ಲಿಸಿ ಹೊರಗೆ ಹೋಗಿ ಚಹಾ ಕುಡಿದು ಬಂದೆ.

ನಮ್ಮಲ್ಲಿ ಈ ಮಾತ್ರೆಗೆ ಇನ್ನೊಂದು ದಾರಿಯೂ ಇದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸರ್ಕಾರಿ ಆಸ್ಪತ್ರೆಗಳಿಗೆ ಬಣ್ಣಬಣ್ಣದ ಔಷಧ ಕಿಟ್‌ಗಳನ್ನು ಮಾಡಿಕೊಟ್ಟಿತು. ಪ್ರಯೋಗಾಲಯವಿಲ್ಲದ ಕಡೆಯೂ ಲಕ್ಷಣ ಕೇಳಿ ಚಿಕಿತ್ಸೆ ಕೊಡಲು ಇದು ಜಾಣತನದ ಏರ್ಪಾಡು. ಬಿಳಿ ಹೋಗುವ ತೊಂದರೆಗೆ ಹಸಿರು ಕಿಟ್. ಅದರೊಳಗೆ ಸೆಕ್ನಿಡಜೋಲ್ ಜೊತೆ ಫ್ಲುಕೋನಜೋಲ್ 150ರ ಒಂದು ಮಾತ್ರೆ. ಬಸುರಿಯಾಗಿದ್ದರೆ ಅದರ ಬದಲು ಕ್ಲೋಟ್ರಿಮಜೋಲ್ ಎಂದು ಮಾರ್ಗಸೂಚಿ ಹೇಳುತ್ತದೆ. ಅಂದರೆ ಸರ್ಕಾರಿ ಕೌಂಟರಿನಲ್ಲಿ ಕೊನೆಯ ಮುಟ್ಟು ಯಾವಾಗ ಎಂಬ ಒಂದು ಪ್ರಶ್ನೆಯಾದರೂ ಮಾತ್ರೆಗೆ ಮುಂಚೆ ಬರಬೇಕು. ಮೆಡಿಕಲ್ ಅಂಗಡಿಯ ಹುಡುಗ ಆ ಪ್ರಶ್ನೆ ಕೇಳಲಾರ, ಕೇಳಿದರೆ ನನ್ನ ತಂಗಿ ಅಲ್ಲಿ ನಿಲ್ಲುತ್ತಲೂ ಇರಲಿಲ್ಲ. ಅವಳು ಅಲ್ಲಿಗೆ ಹೋದದ್ದೇ ಯಾರೂ ಏನೂ ಕೇಳುವುದಿಲ್ಲವೆಂದು.

ಮಾರನೆಯ ದಿನ ಅವಳು ಡಾಕ್ಟರ ಹತ್ತಿರ ಹೋದಳು. ಡಾಕ್ಟರಮ್ಮ ಬೆರಳು ಮಡಚಿ ಲೆಕ್ಕ ಹಾಕಿದರಂತೆ. ಮಾತ್ರೆ ನುಂಗಿದ್ದು ಮುಟ್ಟು ತಪ್ಪುವ ಹತ್ತು ದಿನ ಮೊದಲು, ಅಂದರೆ ಗರ್ಭ ಕಟ್ಟಿದ ಮೊದಲ ದಿನಗಳಲ್ಲಿ. ಒಂದು ವಾರದಲ್ಲಿ ಔಷಧ ಬಹುಪಾಲು ಮೈಯಿಂದ ಹೊರಗೆ ಹೋಗಿರುತ್ತದೆ. ಮಗುವಿನ ಅಂಗಾಂಗ ಮೂಡಲು ಶುರುವಾಗುವುದು ಮೂರನೆಯ ವಾರದಿಂದ. "ಇನ್ನು ಮೇಲೆ ಅಂಗಡಿಯಿಂದ ತಗೋಬೇಡಮ್ಮ. ತುರಿಕೆ ಬಂದ್ರೆ ನನ್ನ ಹತ್ತಿರ ಬಾ, ಹಚ್ಚೋದಕ್ಕೆ ಕೊಡ್ತೀನಿ. ಐದನೇ ತಿಂಗಳ ಸ್ಕ್ಯಾನ್ ತಪ್ಪಿಸಬೇಡ. ಹೋಗಿ ಊಟ ಮಾಡು" ಎಂದರಂತೆ. ಎರಡು ದಿನದಿಂದ ಅವಳು ಉಂಡಿರಲಿಲ್ಲವೆಂದು ಅವರಿಗೆ ಹೇಗೆ ತಿಳಿಯಿತೋ.

ದೀಪಾವಳಿಗೆ ಊರಿಗೆ ಹೋದಾಗ ಅವಳ ತಾಯಿ ಕಾರ್ಡ್ ತೆಗೆದು ನೋಡಿದೆ. ಸಂಶೋಧಕರ ಕೆಟ್ಟ ಚಾಳಿ, ಯಾರ ಮನೆಗೆ ಹೋದರೂ ಕಾಗದ ಹುಡುಕುವುದು. ತೂಕ, ರಕ್ತದೊತ್ತಡ, ಕಬ್ಬಿಣದ ಮಾತ್ರೆ ಎಷ್ಟು, ಧನುರ್ವಾಯು ಚುಚ್ಚುಮದ್ದು ಯಾವತ್ತು, ಎಲ್ಲಕ್ಕೂ ಚೌಕವಿದೆ. ಶ್ರಾವಣದ ಆ ಮಾತ್ರೆ ಎಲ್ಲೂ ಇರಲಿಲ್ಲ. ಕಾರ್ಡಿನ ಹಿಂಬದಿಯ ಖಾಲಿ ಜಾಗದಲ್ಲಿ ನಾನೇ ಪೆನ್ನಿನಲ್ಲಿ ತಾರೀಕು, ಹೆಸರು, 150, ಒಂದು ಎಂದು ಬರೆದೆ. "ಅದೆಲ್ಲ ಯಾಕಕ್ಕಾ ಈಗ, ಯಾರ್ ನೋಡ್ತಾರೆ" ಎಂದು ತಂಗಿ ಕಾರ್ಡನ್ನು ಕೈಯಿಂದ ಕಿತ್ತುಕೊಂಡಳು.